ಮೂರು ಮೇಲ್ ಹಾಕಿದರೂ ಉತ್ತರ ಇಲ್ಲ, ಇನ್ನೇನು ಮಾಡಲಿ?

ಪೀಣ್ಯ ವರ್ನಿಯರ್:

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಮಷೀನ್ ಶಾಪ್‌ನಲ್ಲಿದ್ದೇನೆ. ಒಟ್ಟು 28 ಜನ. ಡಿಪ್ಲೊಮಾ ಮುಗಿಸಿ ಕ್ವಾಲಿಟಿಗೆ ಅಂತ ಸೇರಿದವಳು. ಈಗ ಅಳತೆ ನೋಡುವುದರ ಜೊತೆಗೆ ಕಸ್ಟಮರ್‌ಗೆ ಮೇಲ್ ಹಾಕುವುದು, ಪಿಒ (ಪರ್ಚೇಸ್ ಆರ್ಡರ್) ಓದುವುದು, ಬಿಲ್ಲಿನ ಹಿಂದೆ ಬೀಳುವುದು ಎಲ್ಲ ನನ್ನ ತಲೆಗೇ ಬಂದಿದೆ. "ನಿನಗೆ ಇಂಗ್ಲಿಷ್ ಬರುತ್ತಲ್ಲಮ್ಮ, ನೀನೇ ನೋಡ್ಕೋ" ಅಂದು ಓನರ್ ಕೈ ತೊಳೆದುಕೊಂಡರು.

ಈಗ ಆಗಿರುವುದು ಇಷ್ಟು. ಒಂದು ದೊಡ್ಡ ಕಂಪನಿಯಿಂದ 60 ಪೀಸಿನ ಆರ್ಡರ್ ಬಂದಿದೆ. ಪಿಒದಲ್ಲಿ ಡ್ರಾಯಿಂಗ್ ರೆವ್ ಸಿ, ಅಂದರೆ ತಿದ್ದಿದ ಆವೃತ್ತಿ ಸಿ ಅಂತಿದೆ, ಜೊತೆಗೆ ಕಳಿಸಿರುವ ಪಿಡಿಎಫ್ ಮಾತ್ರ ರೆವ್ ಬಿ. ಅದರಲ್ಲಿ ಬೋರ್ (ಕೊರೆಯುವ ತೂತು) 32 ಎಚ್7, ಅಂದರೆ ಅಳತೆ 32.000ದಿಂದ 32.025 ಮಿ.ಮೀ. ಒಳಗೆ ಬರಬೇಕು. ರೆವ್ ಸಿಯಲ್ಲಿ ಏನು ಬದಲಾಗಿದೆಯೋ ನಮಗೆ ಗೊತ್ತಿಲ್ಲ. ಬೋರೇ ಬದಲಾಗಿರಬಹುದು, ಇಲ್ಲ ಸುಮ್ನೆ ಟೈಟಲ್ ಬ್ಲಾಕಿನಲ್ಲಿ ಯಾರದೋ ಹೆಸರು ಬದಲಾಗಿರಬಹುದು. ಬೋರ್ ಒಮ್ಮೆ ದೊಡ್ಡದಾದರೆ ಮುಗೀತು, ಕೊರೆದ ಲೋಹವನ್ನು ವಾಪಸ್ ಅಂಟಿಸೋಕೆ ಆಗಲ್ಲ.

ಮೊದಲ ಮೇಲ್ ಹಾಕಿ ಹನ್ನೊಂದು ದಿನ ಆಯಿತು. ಉತ್ತರ ಇಲ್ಲ. ಮೂರು ದಿನ ಬಿಟ್ಟು ಗೆಂಟಲ್ ರಿಮೈಂಡರ್ ಹಾಕಿದೆ. ಆಮೇಲೆ ಸೆಕೆಂಡ್ ಗೆಂಟಲ್ ರಿಮೈಂಡರ್. ಇಎನ್8 ಉಕ್ಕಿನ ಬಾರ್ ಕತ್ತರಿಸಿ ಬ್ಯಾಂಡ್‌ಸಾ ಪಕ್ಕದಲ್ಲಿ ರಾಶಿ ಹಾಕಿದ್ದಾರೆ, ದಿನಾ ಬೆಳಿಗ್ಗೆ ಅದನ್ನು ದಾಟಿಕೊಂಡೇ ನಾನು ಒಳಗೆ ಹೋಗಬೇಕು, ಓನರ್ ಅಲ್ಲೇ ಟೀ ಕುಡಿಯುತ್ತಾ ನಿಂತಿರುತ್ತಾರೆ. 24ಕ್ಕೆ ಡೆಲಿವರಿ.

ಇದು ಸಾಲದು ಅಂತ ಇನ್ನೊಂದು ಕಸ್ಟಮರ್‌ನಿಂದ 3,40,000 ರೂಪಾಯಿ ಬಿಲ್ ಬರಬೇಕು, 70 ದಿನ ದಾಟಿದೆ. ಅಲ್ಲಿನ ಅಕೌಂಟ್ಸ್‌ನವರೂ ಉತ್ತರ ಕೊಡುವುದಿಲ್ಲ.

ಎಷ್ಟು ರಿಮೈಂಡರ್ ಹಾಕಬಹುದು? ಅವರ ಮ್ಯಾನೇಜರ್‌ಗೆ ಸಿಸಿ ಹಾಕಲಾ? ಫೋನ್ ಮಾಡಿದರೆ ತಪ್ಪು ತಿಳಿಯುತ್ತಾರಾ? ನಾನು ಬರೆದಿದ್ದ ಮೇಲ್ ಹೀಗಿತ್ತು. ಸಬ್ಜೆಕ್ಟ್: ರಿಗಾರ್ಡಿಂಗ್ ಡ್ರಾಯಿಂಗ್. "ಡಿಯರ್ ಸರ್, ವಿತ್ ರೆಫರೆನ್ಸ್ ಟು ದಿ ಅಬೋವ್, ಪ್ಲೀಸ್ ಚೆಕ್ ದಿ ಅಟ್ಯಾಚ್ಡ್ ಡ್ರಾಯಿಂಗ್ ಅಂಡ್ ಡು ದಿ ನೀಡ್‌ಫುಲ್." ಆರು ಜನರಿಗೆ ಕಳಿಸಿದ್ದೇನೆ, ಯಾರಾದರೂ ಒಬ್ಬರು ನೋಡಲಿ ಅಂತ.

ಡ್ರಾಯಿಂಗ್ ಬೋರ್ಡ್:

ನಾನು ಆ ಕಡೆಯವನು. ಅದೇ ಕಂಪನಿ ಅಲ್ಲ, ಆದರೆ ಇಂಥದ್ದೇ ಕುರ್ಚಿ. ಸಪ್ಲೈಯರ್‌ಗಳ ಮೇಲ್‌ಗೆ ಉತ್ತರ ಕೊಡದೇ ಕೂರುವವರಲ್ಲಿ ನಾನೂ ಒಬ್ಬ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಬೈಯುವುದಿದ್ದರೆ ಬೈದುಬಿಡಿ.

ನಿಮ್ಮ ಮೇಲ್ ನನಗೆ ಬಂದಿದ್ದರೆ ಏನಾಗುತ್ತಿತ್ತು ಹೇಳುತ್ತೇನೆ ಕೇಳಿ. ಬೆಳಿಗ್ಗೆ ಕಂಪನಿ ಬಸ್ಸು ಟಿನ್ ಫ್ಯಾಕ್ಟರಿ ಹತ್ತಿರ ಸಿಕ್ಕಿಹಾಕಿಕೊಂಡಿರುತ್ತದೆ. ಫೋನಿನಲ್ಲಿ ಮೇಲ್ ತೆಗೆಯುತ್ತೇನೆ. "ರಿಗಾರ್ಡಿಂಗ್ ಡ್ರಾಯಿಂಗ್". ಯಾವ ಡ್ರಾಯಿಂಗ್? ಪಿಒ ನಂಬರ್ ಇಲ್ಲ. ತೆರೆದು ನೋಡಿದರೆ ಚೆಕ್ ಮಾಡಿ ಅಂತಿದೆ, ಏನನ್ನು ಚೆಕ್ ಮಾಡಬೇಕು ಅಂತ ಇಲ್ಲ. ಅದನ್ನು ತಿಳಿಯಬೇಕಾದರೆ ಆಫೀಸಿಗೆ ಹೋಗಿ, ಸಿಸ್ಟಮ್ ಆನ್ ಮಾಡಿ, ನಿಮ್ಮ ಪಿಡಿಎಫ್ ತೆಗೆದು, ನಮ್ಮ ಸರ್ವರ್‌ನಲ್ಲಿರುವುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಸರಿ, ಆಫೀಸಿಗೆ ಹೋದ ಮೇಲೆ ನೋಡೋಣ ಅಂದುಕೊಳ್ಳುತ್ತೇನೆ. ಆದರೆ ಫೋನಿನಲ್ಲಿ ತೆರೆದ ತಕ್ಷಣ ಆ ಮೇಲ್ "ಓದಿದ್ದು" ಆಗಿಬಿಟ್ಟಿರುತ್ತದೆ. ದಪ್ಪ ಅಕ್ಷರ ತೆಳ್ಳಗಾಯಿತು ಅಂದರೆ ಅದರ ಕಥೆ ಮುಗಿದ ಹಾಗೆ. ಹತ್ತು ಗಂಟೆಗೆ ಅದರ ಮೇಲೆ ಇನ್ನೂ ಮೂವತ್ತು ಬಂದು ಕೂತಿರುತ್ತವೆ.

ಆಮೇಲೆ ಆರು ಜನರಿಗೆ ಕಳಿಸಿದ್ದು. ಇದೇ ದೊಡ್ಡ ಎಡವಟ್ಟು. ರಾಜ ಎಲ್ಲರಿಗೂ ರಾತ್ರಿ ಒಂದೊಂದು ಚೊಂಬು ಹಾಲು ತಂದು ಕೊಳಕ್ಕೆ ಹಾಕಿ ಅಂದನಂತೆ, ಬೆಳಿಗ್ಗೆ ನೋಡಿದರೆ ಕೊಳದ ತುಂಬಾ ನೀರು. ಪಕ್ಕದವರು ಹಾಲು ಹಾಕುತ್ತಾರಲ್ಲ ಅಂತ ಎಲ್ಲರೂ ನೀರೇ ಹಾಕಿದ್ದರು. ಆರು ಜನರ ಮೇಲ್ ಕೂಡ ಹಾಗೇ. ಟು ಸಾಲಿನಲ್ಲಿ ಒಂದೇ ಹೆಸರು ಇರಲಿ. ಉಳಿದವರು ಬೇಕೇ ಬೇಕು ಅಂದರೆ ಸಿಸಿ.

ಹೀಗೆ ಬರೆದು ನೋಡಿ. ಸಬ್ಜೆಕ್ಟಿನಲ್ಲೇ ಪಿಒ ನಂಬರ್, ಪಾರ್ಟ್ ಹೆಸರು, "ರೆವ್ ಬಿಯಾ ಸಿಯಾ? ಕೆಲಸ ನಿಂತಿದೆ" ಅಂತ. ಒಳಗೆ ನಾಲ್ಕು ಸಾಲು. ಎರಡು ಆಯ್ಕೆ ಕೊಡಿ, ಎ ಅಥವಾ ಬಿ, ಒಂದೇ ಅಕ್ಷರ ಟೈಪ್ ಮಾಡಿ ಕಳಿಸುವ ಹಾಗೆ, ಬಸ್ಸಿನಲ್ಲಿ ನಿಂತುಕೊಂಡೇ. ಪೂರ್ತಿ ಡ್ರಾಯಿಂಗ್ ಬೇಡ. ಪಿಒದ ಆ ಸಾಲು, ಡ್ರಾಯಿಂಗಿನ ಮೂಲೆಯ ರೆವ್ ಬಾಕ್ಸ್, ಎರಡರದ್ದೂ ಸ್ಕ್ರೀನ್‌ಶಾಟ್ ತೆಗೆದು ಮೇಲ್ ಒಳಗೇ ಅಂಟಿಸಿ. ಜಿಪ್ ಫೈಲ್ ಅಂತೂ ಹಾಕಲೇಬೇಡಿ. ಎಷ್ಟೋ ಕಂಪನಿಗಳಲ್ಲಿ ಅದನ್ನು ಸರ್ವರ್ ಅಲ್ಲೇ ತಡೆದುಬಿಡುತ್ತದೆ, ನಮಗೆ ಬಂದಿದ್ದೂ ಗೊತ್ತಾಗಲ್ಲ, ನಿಮಗೆ ಬರಲಿಲ್ಲ ಅಂತಲೂ ಗೊತ್ತಾಗಲ್ಲ.

ಇನ್ನೊಂದು. ರೀಡ್ ರಿಸೀಟ್ ಕೇಳಬೇಡಿ. ಆ ಡಬ್ಬಿ ಬಂದಾಗ ನಾನು ಯಾವಾಗಲೂ "ನೋ" ಒತ್ತುತ್ತೇನೆ. ಬಾಗಿಲು ತೆಗೆದ ಕೂಡಲೇ ಸಾಲ ಕೇಳಿದ ಹಾಗೆ ಅನ್ನಿಸುತ್ತದೆ.

ಸಿಸಿ ಸಂತ್ರಸ್ತ:

ಮ್ಯಾನೇಜರ್‌ಗೆ ಸಿಸಿ ಹಾಕಲಾ ಅಂತ ಕೇಳಿದ್ದೀರಿ. ಹಾಕಿದವನ ಗತಿ ಕೇಳಿ. ಎರಡು ವರ್ಷದ ಹಿಂದೆ ನಮ್ಮದೇ ಆಫೀಸಿನ ಐಟಿಯವರು ಒಂದು ವಾರ ಉತ್ತರ ಕೊಡಲಿಲ್ಲ ಅಂತ ಸಿಟ್ಟಿಗೆ ಅವರ ಹೆಡ್‌ಗೆ ಸಿಸಿ ಹಾಕಿದೆ. ಐದು ನಿಮಿಷದಲ್ಲಿ ಉತ್ತರ ಬಂತು, ಕೆಲಸವೂ ಆಯಿತು. ಆಮೇಲೆ? ಆ ಮನುಷ್ಯನಿಗೆ ಆ ವಾರ ಅಪ್ಪನ ಆಪರೇಷನ್ ಇತ್ತಂತೆ, ರಜೆಯಲ್ಲಿದ್ದ. ಅಂದಿನಿಂದ ಇಂದಿನವರೆಗೂ ನನ್ನ ಪ್ರತಿ ಟಿಕೆಟ್ಟಿಗೂ ಕಾನೂನು ಪ್ರಕಾರ ಎಷ್ಟು ದಿನ ಇದೆಯೋ ಅಷ್ಟೂ ದಿನ ತೆಗೆದುಕೊಳ್ಳುತ್ತಾನೆ. ಒಂದು ದಿನ ಮೊದಲೂ ಇಲ್ಲ, ಆಮೇಲೂ ಇಲ್ಲ. ಕ್ಯಾಂಟೀನಿನಲ್ಲಿ ಸಿಕ್ಕರೆ ನಗುತ್ತಾನೆ, ಅದೇ ಹೆದರಿಕೆ.

ಸಿಸಿ ಹಾಕಿ, ಬೇಡ ಅನ್ನಲ್ಲ. ಹಾಕುವ ಮುಂಚೆ ಒಂದು ಫೋನ್ ಮಾಡಿಬಿಡಿ. ತಪ್ಪು ತಿಳಿಯುವುದು ಫೋನಿಗಲ್ಲ, ಸಿಸಿಗೆ.

ನಿವೃತ್ತ ಗುಮಾಸ್ತ, ಧಾರವಾಡ:

ತಂಗಿ, ನಿನ್ನ ಪ್ರಶ್ನೆ ಓದಿ ನಗು ಬಂತು, ಸಂಕಟವೂ ಆಯಿತು. ಮೂವತ್ಮೂರು ವರ್ಷ ಸರ್ಕಾರಿ ಕಚೇರಿಯಲ್ಲಿ ಇದೇ ಕೆಲಸ ಮಾಡಿದವನು ನಾನು. ಉತ್ತರ ಬರದ ಕಾಗದದ ಹಿಂದೆ ಓಡುವುದು, ಮತ್ತೆ ಬಂದ ಕಾಗದಕ್ಕೆ ಉತ್ತರ ಕೊಡದೇ ಇಡುವುದು. ಎರಡೂ.

ನೀವು ಗೆಂಟಲ್ ರಿಮೈಂಡರ್ ಅನ್ನುತ್ತೀರಲ್ಲ, ಅದಕ್ಕೆ ನಮ್ಮಲ್ಲಿ ನೆನಪೋಲೆ ಅಂತ ಚೆಂದದ ಹೆಸರು ಇತ್ತು. ನೆನಪೋಲೆ 1, ನೆನಪೋಲೆ 2, ನೆನಪೋಲೆ 3. ಮೇಲೆ ವಿಷಯ, ಅದರ ಕೆಳಗೆ ಉಲ್ಲೇಖ. ಉಲ್ಲೇಖದಲ್ಲಿ ಹಿಂದಿನ ಪತ್ರಗಳ ಸಂಖ್ಯೆ ಮತ್ತು ದಿನಾಂಕ ಸಾಲಾಗಿ ಬರಬೇಕು, ಬಿಡುವಂತಿಲ್ಲ. ಮೂರನೆಯ ನೆನಪೋಲೆಗೆ ಆ ಪಟ್ಟಿಯೇ ಅರ್ಧ ಪುಟ ಆಗುತ್ತಿತ್ತು. ಬೈಗುಳ ಒಂದೂ ಇರುತ್ತಿರಲಿಲ್ಲ, ಆದರೆ ಆ ದಿನಾಂಕಗಳ ಸಾಲು ನೋಡಿಯೇ ಎದುರಿನವನಿಗೆ ಬೆವರು. ನೀನೂ ಹಾಗೇ ಮಾಡು. ಹೊಸ ಮೇಲ್ ಹಾಕಬೇಡ, ಹಳೆಯದಕ್ಕೇ ಉತ್ತರ ಕೊಟ್ಟಂತೆ ಹಾಕು, ದಿನಾಂಕಗಳು ತಾವೇ ಕೆಳಗೆ ಕೂತಿರುತ್ತವೆ. "ಗೆಂಟಲ್" ಅನ್ನುವ ಶಬ್ದ ತೆಗೆದುಹಾಕು. ಮೆತ್ತಗೆ ಅಂತ ಬರೆದರೆ ಅವರು ಮೆತ್ತಗೇ ತೆಗೆದುಕೊಳ್ಳುತ್ತಾರೆ.

ಅದಕ್ಕೂ ಜಗ್ಗದಿದ್ದರೆ ಅರೆ ಸರ್ಕಾರಿ ಪತ್ರ. ಸಾಮಾನ್ಯ ಪತ್ರ ಹೋಗುವುದು ಹುದ್ದೆಗೆ. ಅರೆ ಸರ್ಕಾರಿ ಪತ್ರ ಹೋಗುವುದು ಹೆಸರಿಗೆ. ಮೇಲಿನ ಅಧಿಕಾರಿ ತನ್ನ ಹೆಸರಿನಲ್ಲಿ, ಆ ಅಧಿಕಾರಿಯ ಹೆಸರು ಹಿಡಿದು, ಈ ವಿಷಯದಲ್ಲಿ ತಾವು ಖುದ್ದಾಗಿ ಗಮನ ಹರಿಸಬೇಕು ಅಂತ ಬರೆಯುವುದು. ಆರು ತಿಂಗಳು ಮಲಗಿದ್ದ ಕಡತ ಅದಕ್ಕೆ ಎದ್ದು ಕೂತದ್ದನ್ನು ನಾನು ನೋಡಿದ್ದೇನೆ. ನಿನ್ನ ಓನರ್ ಕೈಯಲ್ಲಿ ಅವರ ಮ್ಯಾನೇಜರ್‌ಗೆ ಒಂದು ಬರೆಸಬಹುದು, ನೀನು ಸಿಸಿ ಹಾಕುವುದಕ್ಕಿಂತ ಅದು ಮರ್ಯಾದೆಯ ದಾರಿ.

ಆದರೆ ನಿಜವಾದ ಗುಟ್ಟು ಇದ್ಯಾವುದೂ ಅಲ್ಲ. ಸಾಹೇಬರಿಗೆ ಬರೆದ ಪತ್ರ ಸಾಹೇಬರ ಹತ್ತಿರ ಇರುವುದಿಲ್ಲ. ಟಪಾಲಿನಲ್ಲಿ ಬಂದು, ಆವಕ ವಹಿಯಲ್ಲಿ ನಂಬರು ಬಿದ್ದು, ಒಬ್ಬ ವಿಷಯ ನಿರ್ವಾಹಕನ ಮೇಜಿನ ಮೇಲೆ ಇರುತ್ತದೆ. ಆ ಮೇಜು ಯಾರದು ಅಂತ ಕಂಡುಹಿಡಿದವನ ಕೆಲಸ ಆಯಿತು. ಅದಕ್ಕೇ ಜರೂರಿ ಕಾಗದವನ್ನು ಮುದ್ದಾಂ ಕಳಿಸುತ್ತಿದ್ದೆವು, ಒಬ್ಬ ಮನುಷ್ಯನ ಕೈಯಲ್ಲಿ ಕೊಟ್ಟು. ಅವನು ಕಾಗದ ಕೊಟ್ಟು ಬರುವಾಗ ಸ್ವೀಕೃತಿಯ ಸಹಿಯ ಜೊತೆ ಒಂದು ಹೆಸರನ್ನೂ ತರುತ್ತಿದ್ದ. ನಿನ್ನ ಆ ಆರು ಜನರಲ್ಲಿ ಈ ಡ್ರಾಯಿಂಗ್ ಯಾರ ಮೇಜಿನ ಮೇಲಿದೆ, ಅದನ್ನು ಕೇಳು.

2011ರ ಸಕಾಲ ಕಾಯ್ದೆ ಬಂದಾಗ ನಮ್ಮವರು ಬಹಳ ಗೊಣಗಿದರು. ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ದುಡ್ಡು ಏನೂ ಅಲ್ಲ. ಆದರೆ ಪ್ರತಿ ಅರ್ಜಿಗೂ ಒಂದು ನಂಬರು, ಒಂದು ಕೊನೆಯ ದಿನ ಅಂತ ಬಂತಲ್ಲ, ಅದು ಕಚ್ಚಿತು. ನಿನ್ನ ಮೇಲ್‌ನಲ್ಲಿ ಕೊನೆಯ ದಿನ ಎಲ್ಲಿದೆ? ಇಲ್ಲ.

ಟೀ ವಿರಾಮ:

ಎಲ್ಲರೂ ಪುರಾಣ ಹೇಳುತ್ತಿದ್ದೀರಿ. ಸುಲಭದ ದಾರಿ ಇದೆ. "ಶುಕ್ರವಾರದೊಳಗೆ ಉತ್ತರ ಬರದಿದ್ದರೆ ರೆವ್ ಬಿ ಪ್ರಕಾರ ಶುರು ಮಾಡುತ್ತೇವೆ" ಅಂತ ಬರೆದುಬಿಡಿ. ಉತ್ತರ ಬಂದರೆ ಸರಿ, ಬರದಿದ್ದರೆ ತಪ್ಪು ಅವರದ್ದು.

ಡ್ರಾಯಿಂಗ್ ಬೋರ್ಡ್:

ಬೇಡವೇ ಬೇಡ! ಮೀಟಿಂಗ್ ಯಾವ ದಿನ ಇಟ್ಟುಕೊಳ್ಳೋಣ ಅನ್ನುವ ಮೇಲ್‌ಗೆ ಇದು ನಡೆಯುತ್ತದೆ. ಡ್ರಾಯಿಂಗ್ ವಿಷಯಕ್ಕಲ್ಲ. ಪಿಒದಲ್ಲಿ ರೆವ್ ಸಿ ಅಂತ ಬರೆದಿದೆ, ನೀವು ಅದನ್ನು ನೋಡಿದ್ದೀರಿ, ಪ್ರಶ್ನೆಯನ್ನೂ ಕೇಳಿದ್ದೀರಿ. ಆಮೇಲೂ ಬಿ ಪ್ರಕಾರ ಮಾಡಿ 60 ಪೀಸ್ ರಿಜೆಕ್ಟ್ ಆದರೆ ನಮ್ಮ ಕ್ವಾಲಿಟಿಯವರು ಪಿಒ ತೋರಿಸುತ್ತಾರೆ, ನಿಮ್ಮ ಶುಕ್ರವಾರದ ಮೇಲ್ ಅಲ್ಲ. ಬರೆಯುವುದಾದರೆ ಉಲ್ಟಾ ಬರೆಯಿರಿ. ಉತ್ತರ ಬರುವ ತನಕ ಮಷೀನಿಂಗ್ ನಿಲ್ಲಿಸಿರುತ್ತೇವೆ, ಎಷ್ಟು ದಿನ ತಡವಾಗುತ್ತದೋ ಅಷ್ಟು ದಿನ ಡೆಲಿವರಿಯೂ ಮುಂದೆ ಹೋಗುತ್ತದೆ, ಅಂತ. ಆಗ ನಮ್ಮ ಪರ್ಚೇಸ್‌ನವರೇ ಬಂದು ಡಿಸೈನ್‌ನವರ ಕುರ್ಚಿ ಅಲ್ಲಾಡಿಸುತ್ತಾರೆ.

ಲೆಕ್ಕದ ಪುಸ್ತಕ:

ಬಿಲ್ಲಿನ ವಿಷಯ ಯಾರೂ ಮುಟ್ಟಲಿಲ್ಲ, ನಾನು ಮುಟ್ಟುತ್ತೇನೆ. ಡ್ರಾಯಿಂಗ್‌ಗೆ ಉತ್ತರ ಕೊಡದವನಿಗೆ ಉತ್ತರ ಕೊಡಲು ಟೈಮ್ ಇಲ್ಲ. ಬಿಲ್ಲಿಗೆ ಉತ್ತರ ಕೊಡದವನಿಗೆ ಉತ್ತರ ಕೊಡಲು ಮನಸ್ಸಿಲ್ಲ. ಎರಡಕ್ಕೂ ಒಂದೇ ಮದ್ದು ಅರೆಯಬೇಡಿ.

ನಿಮ್ಮ ಶಾಪ್‌ಗೆ ಉದ್ಯಮ್ ನೋಂದಣಿ, ಅಂದರೆ ಸಣ್ಣ ಘಟಕ ಅಂತ ಸರ್ಕಾರದ ನೋಂದಣಿ ಇದೆಯಾ? ಆ ನಂಬರ್ ಇನ್‌ವಾಯ್ಸ್ ಮೇಲೆ ಇದೆಯಾ? ಇಲ್ಲದಿದ್ದರೆ ಇವತ್ತೇ ಹಾಕಿಸಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಘಟಕಕ್ಕೆ ದುಡ್ಡು ಕೊಡಲು ಲಿಖಿತ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಮಾಡುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿ. ನೀವು 70 ದಿನ ದಾಟಿದ್ದೀರಿ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಮಾತಿದೆ. ಮಾಲು ತಲುಪಿದ 15 ದಿನದೊಳಗೆ ಕೊಂಡವರು ಬರವಣಿಗೆಯಲ್ಲಿ ತಕರಾರು ಹೇಳದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ಹಾಗೆ ಲೆಕ್ಕ. ಅಂದರೆ ಇಲ್ಲಿ ಅವರು ಸುಮ್ಮನಿದ್ದದ್ದು ನಿಮಗೇ ಲಾಭ. ಮಾಲು ಹೋದ ದಿನವೇ ಒಂದು ಮೇಲ್ ಹಾಕಿಡಿ, ಇಂತಿಷ್ಟು ಪೀಸ್, ಇಂಥ ಡಿಸಿ (ಡೆಲಿವರಿ ಚಲನ್) ನಂಬರ್, ಇಂಥ ದಿನ ಗೇಟಿನಲ್ಲಿ ಇನ್‌ವರ್ಡ್ ಆಗಿದೆ, ಅಂತ. ಅದಕ್ಕೆ ಉತ್ತರ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಎತ್ತಿಡಿ.

ಇನ್ನು ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅಂತ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮೈಕ್ರೋ, ಸ್ಮಾಲ್ ಘಟಕಗಳಿಗೆ ಗಡುವಿನೊಳಗೆ ಕೊಡದೇ ಮಾರ್ಚ್ 31ಕ್ಕೂ ಬಾಕಿ ಉಳಿಸಿಕೊಂಡರೆ ಆ ವರ್ಷ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಅದಾದ ಮೇಲೆ ಫೆಬ್ರವರಿ, ಮಾರ್ಚ್ ಬಂತು ಅಂದರೆ ವರ್ಷವಿಡೀ ಸತ್ತಂತಿದ್ದ ಅಕೌಂಟ್ಸ್ ಐಡಿಗಳಿಂದ "ಪ್ಲೀಸ್ ಶೇರ್ ಯುವರ್ ಉದ್ಯಮ್ ಸರ್ಟಿಫಿಕೇಟ್ ಅರ್ಜೆಂಟ್ಲಿ" ಅಂತ ಅವರೇ ಮೇಲ್ ಹಾಕುತ್ತಾರೆ. ನಾನಂತೂ ಹೊಟ್ಟೆ ಹಿಡಿದು ನಗುತ್ತೇನೆ.

ಬಾಕಿ ದುಡ್ಡಿಗೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು, 2017ರಲ್ಲಿ ಸಮಾಧಾನ್ ಅಂತ ಶುರುವಾಯಿತು. ಆದರೆ ಕೊಟ್ಟ ಮೇಲೆ ಆ ಕಸ್ಟಮರ್ ಮತ್ತೆ ಆರ್ಡರ್ ಕೊಡುತ್ತಾನಾ ಅಂತ ಓನರ್ ಯೋಚಿಸಬೇಕು, ನೀವಲ್ಲ. ಮೊದಲು ಬಡ್ಡಿ ಲೆಕ್ಕ ಹಾಕಿದ ಒಂದು ಸ್ಟೇಟ್‌ಮೆಂಟ್ ಕಳಿಸಿ. ಬಡ್ಡಿ ಕೊಡಿ ಅಂತ ಕೇಳಬೇಡಿ, ಬರೀ ಲೆಕ್ಕ ತೋರಿಸಿ.

ಸ್ಟುಟ್‌ಗಾರ್ಟ್ ಸೀನ:

ನಾನಿರುವುದು ಜರ್ಮನಿಯಲ್ಲಿ, ಊರು ತಿಪಟೂರು. ಇಲ್ಲಿನವರು ಎಲ್ಲ ಮೇಲ್‌ಗೂ ಉತ್ತರ ಕೊಡುತ್ತಾರೆ ಅಂತ ತಿಳಿಯಬೇಡಿ. ಆದರೆ ರಜೆಗೆ ಹೋದರೆ ಆಟೋ ರಿಪ್ಲೈ ಹಾಕದೇ ಹೋಗುವುದಿಲ್ಲ, ಅದರಲ್ಲಿ ತನ್ನ ಬದಲು ಯಾರನ್ನು ಕೇಳಬೇಕು ಅಂತ ಹೆಸರು ಇರುತ್ತದೆ. ಡೈಮ್ಲರ್ ಅನ್ನುವ ಕಾರು ಕಂಪನಿಯಲ್ಲಂತೂ 2014ರ ಹೊತ್ತಿಗೇ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ರಜೆಯಲ್ಲಿರುವಾಗ ಬಂದ ಮೇಲ್ ತಾನಾಗಿಯೇ ಡಿಲೀಟ್ ಆಗುವ ಹಾಗೆ ನೌಕರರು ಇಟ್ಟುಕೊಳ್ಳಬಹುದಿತ್ತು. ನಿಮ್ಮ ಮೇಲ್ ಅಳಿಸಲಾಗಿದೆ, ಅವಸರ ಇದ್ದರೆ ಇಂಥವರಿಗೆ ಬರೆಯಿರಿ, ಇಲ್ಲದಿದ್ದರೆ ನಾನು ಬಂದ ಮೇಲೆ ಕಳಿಸಿ, ಅಂತ ಕಳಿಸಿದವರಿಗೆ ಉತ್ತರ ಹೋಗುತ್ತಿತ್ತು. ಕೇಳೋಕೆ ಒರಟು ಅನ್ನಿಸುತ್ತದೆ, ಆದರೆ ಹನ್ನೊಂದು ದಿನ ಕಾಯುವುದಕ್ಕಿಂತ ವಾಸಿ ಅಲ್ವಾ?

ಪೀಣ್ಯ ವರ್ನಿಯರ್:

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕು ದಿನ ಬಿಟ್ಟು ಬರುತ್ತಿದ್ದೇನೆ, ಏನಾಯಿತು ಹೇಳುತ್ತೇನೆ.

ಧಾರವಾಡದ ಸರ್ ಹೇಳಿದ ಹಾಗೆ ಮೊದಲು ಮೇಜು ಹುಡುಕಿದೆ. ಆ ಆರು ಜನರಲ್ಲಿ ಯಾರಿಗೆ ಫೋನ್ ಮಾಡೋದು ಅಂತ ಧೈರ್ಯ ಸಾಲದೆ, ಅವರ ಸ್ಟೋರ್ಸ್‌ನಲ್ಲಿ ಮಾಲು ಇಳಿಸಿಕೊಳ್ಳುವ ಅಣ್ಣನಿಗೆ ಮಾಡಿದೆ. ನಮ್ಮ ಡ್ರೈವರ್‌ಗೆ ಪರಿಚಯ. ಅವರು "ಅಯ್ಯೋ, ಆ ಸಾರು ಬೇರೆ ಸೆಕ್ಷನ್‌ಗೆ ಹೋಗಿ ಎರಡು ತಿಂಗಳಾಯ್ತು, ಈಗ ಇನ್ನೊಬ್ಬ ಮೇಡಂ ನೋಡ್ತಾರೆ" ಅಂದರು. ನನ್ನ ಆರು ಜನರಲ್ಲಿ ಆ ಮೇಡಂ ಹೆಸರೇ ಇರಲಿಲ್ಲ! ಮೂರು ಮೇಲ್, ಆರು ಜನ, ಹನ್ನೊಂದು ದಿನ, ಬೇಕಾದವರಿಗೆ ಹೋಗಿಯೇ ಇಲ್ಲ.

ಮೇಡಂ ಒಬ್ಬರಿಗೇ ಹೊಸ ಮೇಲ್ ಬರೆದೆ. ಸಬ್ಜೆಕ್ಟಿನಲ್ಲಿ ಪಿಒ ನಂಬರ್, ಒಳಗೆ ಎರಡು ಸ್ಕ್ರೀನ್‌ಶಾಟ್, ಕೆಲಸ ನಿಂತಿದೆ, ಡೆಲಿವರಿ ಮುಂದೆ ಹೋಗುತ್ತದೆ, ಎಲ್ಲ. ಕೆಳಗೆ ಡ್ರಾಯಿಂಗ್ ಬೋರ್ಡ್ ಅವರು ಹೇಳಿದ ಹಾಗೆ ಎರಡು ಆಯ್ಕೆ ಕೊಟ್ಟೆ. ಎ: ರೆವ್ ಬಿ ಪ್ರಕಾರವೇ ಮಾಡಿ, ಪಿಒ ತಿದ್ದಿ ಕೊಡುತ್ತೇವೆ. ಬಿ: ರೆವ್ ಸಿ ಪ್ರಕಾರ ಮಾಡಿ, ಡ್ರಾಯಿಂಗ್ ಕಳಿಸುತ್ತೇವೆ.

ಹದಿನಾಲ್ಕು ನಿಮಿಷಕ್ಕೆ ಉತ್ತರ ಬಂತು. ಒಂದೇ ಅಕ್ಷರ. "ಬಿ".

ಓನರ್ ನನ್ನ ಭುಜದ ಮೇಲಿಂದ ಓದಿ, "ರೆವ್ ಬಿ ಅಂತೆ, ಹಚ್ರೋ ಮಷೀನಿಗೆ" ಅಂತ ಕೂಗಿಯೇಬಿಟ್ಟರು. ನಾನು ಓಡಿ ಹೋಗಿ ನಿಲ್ಲಿಸಿದೆ. ಆಪ್ಷನ್ ಬಿಯಾ, ರೆವ್ ಬಿಯಾ? ಸಾರ್, ಡ್ರಾಯಿಂಗ್ ಬೋರ್ಡ್ ಸಾರ್, ಇದು ನಿಮ್ಮ ಐಡಿಯಾ.

ಡ್ರಾಯಿಂಗ್ ಬೋರ್ಡ್:

ತಪ್ಪಾಯಿತು ತಾಯಿ. 1 ಮತ್ತು 2 ಅನ್ನಬೇಕಿತ್ತು. ಆಮೇಲೆ ಏನಾಯಿತು ಹೇಳಿ, ಇಲ್ಲಿ ನನಗೇ ಟೆನ್ಷನ್ ಆಗುತ್ತಿದೆ.

ಪೀಣ್ಯ ವರ್ನಿಯರ್:

ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದರು. ತಪ್ಪು ತಿಳಿಯಲಿಲ್ಲ, ಜೋರಾಗಿ ನಕ್ಕರು. ಆಪ್ಷನ್ ಬಿ, ಅಂದರೆ ರೆವ್ ಸಿ. ಸಂಜೆ ಡ್ರಾಯಿಂಗ್ ಬಂತು. ಬೋರ್ 32 ಹೋಗಿ 35 ಎಚ್7 ಆಗಿದೆ. ಫೋನಿನಲ್ಲಿ ಮಾತಾಡಿದ್ದನ್ನು ಎರಡು ಸಾಲು ಮೇಲ್ ಮಾಡಿ ಇಟ್ಟಿದ್ದೇನೆ, ಅದಕ್ಕೆ ಉತ್ತರ ಬಂದಿಲ್ಲ.

ಬಿಲ್ಲಿಗೆ ಬಡ್ಡಿ ಲೆಕ್ಕದ ಸ್ಟೇಟ್‌ಮೆಂಟ್ ಮಾಡಿ ಓನರ್‌ಗೆ ತೋರಿಸಿದೆ. ನೋಡಿ ಆಮೇಲೆ ಹೇಳ್ತೀನಿ ಅಂದಿದ್ದಾರೆ. ಮೂರು ದಿನ ಆಯಿತು. ಇವರಿಗೂ ಒಂದು ನೆನಪೋಲೆ ಬರೆಯಬೇಕು.